ಸೆಕೆಂಡ್ ಹ್ಯಾಂಡ್ ಹೋಂಡಾ ಸಿಟಿ (2014–2020): ಬಾನೆಟ್ ಆಮೇಲೆ ಎತ್ತಿ, ಮೊದಲು ಅಡಿಭಾಗ ನೋಡಿ

ನಾಲ್ಕನೇ ತಲೆಮಾರಿನ ಸಿಟಿ ಪೆಟ್ರೋಲ್ ಕೊಳ್ಳಲು ಹೋದವರು ಬಾನೆಟ್ ಎತ್ತಿಸಿ, ಎಂಜಿನ್ ಸದ್ದು ಕೇಳಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಆ 1.5 ಲೀಟರ್ ಐ-ವಿಟೆಕ್ ಎಂಜಿನ್ ಲಕ್ಷ ಕಿಲೋಮೀಟರ್ ದಾಟಿದ ಮೇಲೂ ಚೆನ್ನಾಗಿಯೇ ಇರುತ್ತದೆ. ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ಖರ್ಚೂ ಇಲ್ಲ. ದುಡ್ಡು ತಿನ್ನುವುದು ಸಸ್ಪೆನ್ಷನ್, ಸ್ಟೀರಿಂಗ್ ಮತ್ತು ಎಸಿ.

ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ಐದು ಜನ ಕೂತರೆ ನಮ್ಮ ಹಂಪುಗಳಿಗೆ ಹೊಟ್ಟೆ ತಾಗುತ್ತದೆ. ಕಾರನ್ನು ರ‍್ಯಾಂಪ್ ಮೇಲೆ ಹತ್ತಿಸಿ ಮುಂದಿನ ಕ್ರಾಸ್‌ಮೆಂಬರ್ (ಅಡಿಯಲ್ಲಿ ಅಡ್ಡಲಾಗಿರುವ ಲೋಹದ ತೊಲೆ) ಮತ್ತು ಸೈಲೆನ್ಸರ್ ಜಾಯಿಂಟ್ ನೋಡಿ. ಬರೀ ಗೀರು ಇದ್ದರೆ ಚಿಂತೆಯಿಲ್ಲ. ಲೋಹ ಒಳಕ್ಕೆ ಬಗ್ಗಿದ್ದರೆ ಆ ಕಾರು ಬಿಟ್ಟುಬಿಡಿ.

ಕಿತ್ತುಹೋದ ರಸ್ತೆಯಲ್ಲಿ 15–20 ಕಿ.ಮೀ. ವೇಗದಲ್ಲಿ ಮುಂದಿನಿಂದ ‘ಕಟ ಕಟ’ ಸದ್ದು ಬರುವುದು ಈ ಕಾರಿನಲ್ಲಿ ಮಾಮೂಲು. ಅದು ಸಸ್ಪೆನ್ಷನ್ನಿನ ಸಣ್ಣ ಕೊಂಡಿಯಾದ ಲಿಂಕ್ ರಾಡ್‌ನದ್ದೋ, ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸ್ಟೀರಿಂಗ್ ರ‍್ಯಾಕ್‌ನದ್ದೋ ಎಂಬುದರ ಮೇಲೆ ಬಿಲ್ಲು ನಿಂತಿದೆ. ಎರಡೂ ಕಡೆಯ ಲಿಂಕ್ ರಾಡ್ ಕಳಚಿ ಅದೇ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ. ಸದ್ದು ನಿಂತರೆ ಲೇಬರ್ ಸೇರಿ ಸುಮಾರು 2,500 ರೂಪಾಯಿಯಲ್ಲಿ ಕೆಲಸ ಮುಗಿಯಿತು. ನಿಲ್ಲದಿದ್ದರೆ ಗಾಡಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಬೇಗಬೇಗ ಆಡಿಸಿ. ಆಗಿನ ಬಡಿತ ಕೈಗೇ ತಟ್ಟಿದರೆ ರ‍್ಯಾಕ್ ಮೇಲೆ ಅನುಮಾನ ಪಡಬೇಕು. ಹೊರಗಡೆ ಬುಷ್ ಹಾಕಿಸಿ ರಿಪೇರಿ ಮಾಡಿಸಿದರೆ ಎಂಟು–ಹತ್ತು ಸಾವಿರ, ಹೊಸ ರ‍್ಯಾಕ್ ಆದರೆ 40,000ದ ಆಸುಪಾಸು. ಮುಂದಿನ ಶಾಕ್ ಅಬ್ಸಾರ್ಬರ್ ಜೋಡಿ ಮೌಂಟ್ ಸಮೇತ 12,000–15,000, ಲೋವರ್ ಆರ್ಮ್ ಜೋಡಿ 8,000ದಷ್ಟು. ಬೆಲೆ ಚೌಕಾಸಿ ಮಾಡಬೇಕಾದ್ದು ಈ ಪಟ್ಟಿ ಹಿಡಿದು.

ಎಂಜಿನ್‌ನಲ್ಲಿ ನೋಡಬೇಕಾದ್ದು ಒಂದೇ: ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದು. ಆ ಸಂದನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇದರಲ್ಲಿ ಇಲ್ಲ, ಸುಮಾರು 40,000 ಕಿ.ಮೀ.ಗೊಮ್ಮೆ ಕೈಯಿಂದ ಹೊಂದಿಸಬೇಕು. ಖರ್ಚು ಎರಡು–ಮೂರು ಸಾವಿರ ಅಷ್ಟೇ, ಆದರೂ ಬಹಳ ಜನ ಮಾಡಿಸುವುದಿಲ್ಲ. ಸಡಿಲಾದ ವಾಲ್ವ್ ‘ಟಿಕ್ ಟಿಕ್’ ಎಂದು ಹೇಳಿಯಾದರೂ ಹೇಳುತ್ತದೆ. ಸಿಎನ್‌ಜಿ ಹಾಕಿಸಿದ ಕಾರಿನಲ್ಲಿ ವಾಲ್ವ್ ಸೀಟು ಸವೆದು ಕ್ಲಿಯರೆನ್ಸ್ ಬಿಗಿಯಾಗುತ್ತದೆ, ಆಗ ಸದ್ದೇ ಇರುವುದಿಲ್ಲ. ಐಡ್ಲಿಂಗ್ ನಡುಗುತ್ತದೆ, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಇಳಿಯುತ್ತದೆ. ಅಂಥ ಗಾಡಿಗೆ ಕಂಪ್ರೆಷನ್ ಟೆಸ್ಟ್ ಆಗಲೇಬೇಕು.

ಎಸಿ ವಿಷಯದಲ್ಲಿ ಮೋಸ ಹೋಗುವುದು ಸುಲಭ. ಕೂಲಿಂಗ್ ಕಾಯಿಲ್ ಸೋರುತ್ತಿದ್ದರೂ ಹಿಂದಿನ ದಿನ ಗ್ಯಾಸ್ ತುಂಬಿಸಿದರೆ ಟೆಸ್ಟ್ ಡ್ರೈವ್‌ನಲ್ಲಿ ಐಸ್‌ನಂತೆ ತಣ್ಣಗಿರುತ್ತದೆ. ಸರ್ವೀಸ್ ಹಿಸ್ಟರಿಯಲ್ಲಿ ಪದೇ ಪದೇ ಗ್ಯಾಸ್ ತುಂಬಿಸಿದ್ದರೆ ಕಾಯಿಲ್‌ಗೆಂದು 10,000–14,000 ಎತ್ತಿಡಿ.

ಸಿವಿಟಿ ಆಟೋಮ್ಯಾಟಿಕ್ ಆದರೆ ಏರಿನಲ್ಲಿ ನಿಲ್ಲಿಸಿ ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ನಡುಕ ಬರಬಾರದು. ಆ ಗೇರ್‌ಬಾಕ್ಸಿಗೆ ಹೋಂಡಾದ ಎಚ್‌ಸಿಎಫ್-2 ಆಯಿಲೇ ಆಗಬೇಕು. ಬದಲಿಸಲು 5,000 ಸುಮಾರು, ಗೇರ್‌ಬಾಕ್ಸೇ ಹೋದರೆ ಲಕ್ಷದ ಮಾತು. ಬದಲಿಸಿದ ಬಿಲ್ ಇಲ್ಲದ ಸಿವಿಟಿಯನ್ನು ಅಗ್ಗಕ್ಕೆ ಕೊಟ್ಟರೂ ಬೇಡ.

ಸನ್‌ರೂಫ್ ಇದ್ದರೆ ಮೂಲೆಗಳ ಡ್ರೈನ್ ರಂಧ್ರಕ್ಕೆ ಒಂದು ಲೋಟ ನೀರು ಹೊಯ್ದು ನೋಡಿ. ಅದು ಚಕ್ರದ ಹತ್ತಿರ ಇಳಿದು ಬರಬೇಕು. ಬರದಿದ್ದರೆ ಒಳಗಿನ ರೂಫ್ ಬಟ್ಟೆಯಲ್ಲಿ ಕಲೆ ಇದೆಯೇ ಎಂದು ನೋಡಿ.

2017ರ ಕೊನೆಯಿಂದ 2020ರವರೆಗೆ ತಯಾರಾದ ಹಲವು ಹೋಂಡಾಗಳ ಫ್ಯುಯೆಲ್ ಪಂಪ್‌ನ್ನು ಕಂಪನಿ ಪುಕ್ಕಟೆ ಬದಲಿಸಿದೆ. ಆ ದೋಷದಿಂದ ಎಂಜಿನ್ ಓಡುತ್ತಲೇ ನಿಲ್ಲಬಹುದು. ಚಾಸಿ ನಂಬರ್ ಕೊಟ್ಟು ಬದಲಾಗಿದೆಯೇ ಎಂದು ಸರ್ವೀಸ್ ಸೆಂಟರಿನಲ್ಲಿ ಕೇಳಿ.

ಡೀಸೆಲ್ ಸಿಟಿಯ ಮೈಲೇಜ್ ಭರ್ಜರಿ, ಸದ್ದೂ ಅಷ್ಟೇ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ಅಲ್ಲಿ ತಂದ ನಿರ್ಬಂಧದಿಂದಾಗಿ ದೆಹಲಿಯಿಂದ ಬರುವ ಅಗ್ಗದ ಡೀಸೆಲ್ ಕಾರು ಕಣ್ಣಿಗೆ ಬಿದ್ದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಮೊದಲು ನೋಡಿ, ನಮ್ಮ ಆರ್‌ಟಿಒದಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸನ್ನು ಕಾರಿನ ಬೆಲೆಗೆ ಸೇರಿಸಿಯೇ ಇಲ್ಲಿನ ಗಾಡಿಯ ಜೊತೆ ಹೋಲಿಸಿ.