ಶಸ್ತ್ರಕ್ರಿಯೆಗೆ ಮೊದಲು ಕೈಶುದ್ಧಿ: ಅಯೋಡಿನ್, ಕ್ಲೋರ್‌ಹೆಕ್ಸಿಡಿನ್, ಆಲ್ಕೋಹಾಲ್ ರಬ್

ವಿಜಯಪುರದ ಸಣ್ಣ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನರ ಕೈಗೆ ಉಪಕರಣ ಕೊಡುವ ಸ್ಕ್ರಬ್ ನರ್ಸ್ ಆಗಿರುವ ನಾನು ಈ ಮೂರು ರೋಗಾಣುನಾಶಕಗಳನ್ನೂ ಬಳಸಿದ್ದೇನೆ. ನನ್ನ ಒಲವು ಆಲ್ಕೋಹಾಲ್ ರಬ್ (ನೀರಿಲ್ಲದೆ ಕೈಗೆ ಉಜ್ಜಿಕೊಳ್ಳುವ ದ್ರಾವಣ) ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ತರಬೇತಿಯಲ್ಲಿ ನಮಗೆ ಕಲಿಸಿದ್ದು 7.5% ಪೊವಿಡೋನ್ ಅಯೋಡಿನ್ ಹಚ್ಚಿ, ಮೊಣಕೈವರೆಗೆ ಬ್ರಷ್ಷಿನಿಂದ ಹತ್ತು ನಿಮಿಷ ತಿಕ್ಕುವುದನ್ನು. ಚಳಿಗಾಲದಲ್ಲಿ ನನ್ನ ಬೆರಳಸಂದಿಗಳು ಬಿರಿದು, ಅಯೋಡಿನ್ ತಾಗಿದೊಡನೆ ಉರಿಯುತ್ತಿದ್ದವು. ಬಿರಿದ ಚರ್ಮದಲ್ಲಿ ರೋಗಾಣುಗಳು ಇನ್ನಷ್ಟು ನೆಲೆಯೂರುವುದರಿಂದ, ಅಷ್ಟು ತಿಕ್ಕಿದ್ದು ತಿರುಗಿ ನಮಗೇ ಮುಳುವಾಗುತ್ತದೆ. ಎರಡರಿಂದ ಐದು ನಿಮಿಷ ಸಾಕು, ಬ್ರಷ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯೇ ಹೇಳುತ್ತದೆ.

4% ಕ್ಲೋರ್‌ಹೆಕ್ಸಿಡಿನ್ ಚರ್ಮಕ್ಕೆ ಅಂಟಿಕೊಂಡು ಗ್ಲೌಸಿನೊಳಗೂ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಅದು ಅದರ ದೊಡ್ಡ ಗುಣ. ಆದರೆ ಅದಕ್ಕೂ ಅಯೋಡಿನ್‌ಗೂ ನೀರು ಬೇಕು. ಒಮ್ಮೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು ನೋಡಿದಾಗ, ಒಬ್ಬರ ಕೈ ತೊಳೆದು ಮುಗಿಯುವಷ್ಟರಲ್ಲಿ ಅದು ತುಂಬಿ ಹರಿಯಿತು. ಬೇಸಿಗೆಯಲ್ಲಿ ಟ್ಯಾಂಕಿನ ತಳ ಕಾಣುವ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ರಬ್ಬಿನಲ್ಲಿ ನನ್ನನ್ನು ಕಾಡಿದ್ದು ಒಂದೇ ತೊಡಕು: ತೇವ. ಮೊದಲ ವಾರ ಸೋಪಿನಿಂದ ಕೈ ತೊಳೆದು, ಅರೆಬರೆ ಒರೆಸಿಕೊಂಡು ರಬ್ ಹಚ್ಚುತ್ತಿದ್ದೆ. ನೀರು ಬೆರೆತರೆ ಆಲ್ಕೋಹಾಲಿನ ಸತ್ವ ಇಳಿಯುತ್ತದೆ ಎಂಬುದು ಗೊತ್ತಿದ್ದೂ ಅವಸರ ಬಿಡುತ್ತಿರಲಿಲ್ಲ. ರಬ್ ಪೂರ್ತಿ ಆರುವ ಮುನ್ನವೇ ಗ್ಲೌಸ್ ಎಳೆದುಕೊಂಡರೆ ಬೆರಳುಗಳು ನಡುವೆಯೇ ಸಿಕ್ಕಿಕೊಳ್ಳುತ್ತಿದ್ದವು. ಒಮ್ಮೆ ಗ್ಲೌಸ್ ಹರಿದುಹೋಯಿತು. ರೋಗಿ ಮೇಜಿನ ಮೇಲೆ, ಸರ್ಜನ್ ಸಾಹೇಬರು ಗೌನ್ ತೊಟ್ಟು ನಿಂತಿದ್ದಾರೆ, ನಾನು ಮತ್ತೆ ಮೊದಲಿನಿಂದ!

ಈಗ ಬೆಳಿಗ್ಗೆ ಥಿಯೇಟರಿಗೆ ಬಂದೊಡನೆ ಉಗುರಸಂದಿಯ ಸಮೇತ ಸೋಪಿನಿಂದ ತೊಳೆದು, ಚೆನ್ನಾಗಿ ಒರೆಸಿಕೊಂಡುಬಿಡುತ್ತೇನೆ. ಬಳಿಕ ಒಂದು ಕೇಸಿನಿಂದ ಇನ್ನೊಂದಕ್ಕೆ, ಕೈಗೆ ಕೊಳೆ ಕಾಣದಿದ್ದರೆ, ರಬ್ ಮಾತ್ರ: 5 ಮಿ.ಲೀ.ನಂತೆ ಮೂರು ಸಲ, ಕೊನೆಯದು ತಾನಾಗಿ ಆರುವವರೆಗೆ ಕೈ ಎತ್ತಿ ಹಿಡಿದು ಸುಮ್ಮನೆ ನಿಲ್ಲುವುದು. ಈ ಲೆಕ್ಕದಲ್ಲಿ 500 ಮಿ.ಲೀ. ಬಾಟಲಿ ಸುಮಾರು 33 ಸಲ ಬರುತ್ತದೆ. ಬಾಟಲಿಯ ಬೆಲೆ ಹೆಚ್ಚೆನಿಸಿದರೂ ಟ್ಯಾಂಕರ್ ನೀರಿನ ಖರ್ಚು ಸೇರಿಸಿದಾಗ ನಮ್ಮ ಮ್ಯಾನೇಜರರೂ ಒಪ್ಪಿದರು.

ಕ್ಲೋರ್‌ಹೆಕ್ಸಿಡಿನ್ ಬಾಟಲಿಯನ್ನೂ ಸಿಂಕಿನ ಪಕ್ಕ ಇಟ್ಟಿದ್ದೇನೆ. ನಮ್ಮ ಹಿರಿಯ ಸಾಹೇಬರೊಬ್ಬರಿಗೆ ನೊರೆ ಕಾಣದಿದ್ದರೆ ಕೈ ತೊಳೆದಂತೆಯೇ ಅನಿಸುವುದಿಲ್ಲ.