ಗಿಟಾರಿಕ್ಸ್, ನ್ಯಾಮ್: ಎರಡರಲ್ಲೂ ವಾಲ್ವ್ ಸದ್ದು ಹುಡುಕಿದೆ

ಫೆಂಡರ್ ಟ್ವಿನ್ ರಿವರ್ಬ್ 85 ವಾಟ್‌ನ ಗಿಟಾರ್ ಆಂಪ್ (ಆಂಪ್ಲಿಫೈಯರ್). ಸಿಗ್ನಲ್ ಹಿಗ್ಗಿಸೋಕೆ ಅದರಲ್ಲಿ ವಾಲ್ವ್ ಎಂಬ ಗಾಜಿನ ನಿರ್ವಾತ ಕೊಳವೆಗಳಿವೆ. ತೂಕ ಸುಮಾರು 29 ಕೆಜಿ. ಆ ವಾಲ್ವ್‌ಗಳು ಮಿತಿ ಮುಟ್ಟಿ ಸದ್ದು ಸ್ವಲ್ಪ ಒಡೆದು ಒರಟಾಗಬೇಕು ಅಂದರೆ ತುಂಬ ಜೋರಾಗಿ ನುಡಿಸಬೇಕು. ಅಪಾರ್ಟ್‌ಮೆಂಟಿನಲ್ಲಿ ಅದು ಆಗುವ ಮಾತಲ್ಲ. ಅದಕ್ಕೇ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಆಂಪ್ ಸದ್ದನ್ನು ಅನುಕರಿಸುವ ಎರಡು ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಒಂದು ಗಿಟಾರಿಕ್ಸ್. ಇನ್ನೊಂದು ನ್ಯೂರಲ್ ಆಂಪ್ ಮಾಡೆಲರ್, ಚಿಕ್ಕದಾಗಿ ನ್ಯಾಮ್.

ಎರಡಕ್ಕೂ ಗಿಟಾರ್ ಅದೇ, ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಅದೇ, ಸ್ಪೀಕರ್ ಕ್ಯಾಬಿನೆಟ್‌ನ (ಸ್ಪೀಕರ್ ಪೆಟ್ಟಿಗೆಯ) ಸದ್ದಿನ ಗುಣವನ್ನು ದಾಖಲಿಸಿದ ಐಆರ್ ಫೈಲೂ ಅದೇ. ಕ್ಯಾಬಿನೆಟ್ ಬೇರೆಯಾದರೆ ಸದ್ದು ಎಷ್ಟು ಬದಲಾಗುತ್ತದೆ ಅಂದರೆ, ಆಂಪ್‌ಗಳ ವ್ಯತ್ಯಾಸ ಅದರಡಿ ಮುಚ್ಚಿಹೋಗುತ್ತದೆ.

ಗಿಟಾರಿಕ್ಸ್ ವಾಲ್ವ್‌ನ ಗುಣವನ್ನು ಲೆಕ್ಕ ಹಾಕಿ ಸದ್ದು ಮಾಡುತ್ತದೆ. 12ಎಎಕ್ಸ್7 ಎಂಬ ಸಾಮಾನ್ಯ ವಾಲ್ವ್ ಬೇಡ ಅನಿಸಿದರೆ ಬೇರೆ ವಾಲ್ವ್ ಆರಿಸಬಹುದು. ಬಾಸ್, ಟ್ರೆಬಲ್ ಹೊಂದಿಸುವ ಭಾಗ, ಅಂದರೆ ಟೋನ್ ಸ್ಟ್ಯಾಕ್ ಕೂಡ ಬದಲಿಸಬಹುದು. ಎಲ್ಲ ನಾಬ್‌ಗಳೂ ತಿರುಗುತ್ತವೆ. ಆಂಪ್‌ನ ಯಾವ ಭಾಗ ಏನು ಮಾಡುತ್ತದೆ ಅಂತ ಕಲಿಯೋಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ನ್ಯಾಮ್ ದಾರಿಯೇ ಬೇರೆ. ನಿಜವಾದ ಆಂಪ್‌ಗೆ ಒಂದು ಪರೀಕ್ಷೆಯ ಸಿಗ್ನಲ್ ಕೊಡುತ್ತಾರೆ. ಹೊರಬಂದದ್ದನ್ನು ರೆಕಾರ್ಡ್ ಮಾಡಿ, ಅದರಿಂದ ನ್ಯೂರಲ್ ನೆಟ್‌ವರ್ಕಿಗೆ ಆ ಆಂಪ್ ಹೇಗೆ ನಡೆದುಕೊಳ್ಳುತ್ತದೆ ಅಂತ ಕಲಿಸುತ್ತಾರೆ. ಸಾಮಾನ್ಯವಾಗಿ ಒಂದು ಫೈಲ್ ಅಂದರೆ ನಾಬ್‌ಗಳ ಒಂದೇ ಜೋಡಣೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಸ್ವಲ್ಪ ಜಾಸ್ತಿ ಇದ್ದಾಗಿನ ಸದ್ದು ಬೇಕಾ? ಇನ್ನೊಂದು ಫೈಲ್ ಹುಡುಕಬೇಕು.

ನನ್ನ ಪರೀಕ್ಷೆ ಸರಳ. ಇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗಟ್ಟಿಯಾಗಿ ಬಾರಿಸಿ, ಗಿಟಾರಿನ ವಾಲ್ಯೂಮ್ 10ರಿಂದ 4ಕ್ಕೆ ಇಳಿಸುವುದು. ಒಳ್ಳೆಯ ವಾಲ್ವ್ ಆಂಪ್‌ನಲ್ಲಿ ಒರಟುತನ ಮೆಲ್ಲಗೆ ಕರಗಬೇಕು, ತಂತಿಯ ಸದ್ದು ಉಳಿಯಬೇಕು. ನ್ಯಾಮ್‌ನಲ್ಲಿ ಹಾಗೇ ಆಯಿತು. ಬೆರಳು ಮೃದುವಾದರೆ ಸದ್ದೂ ಮೃದು. ನಾನು ಕಣ್ಣು ಮುಚ್ಚಿ ಅರ್ಧ ಗಂಟೆ ನುಡಿಸಿದೆ! ಗಿಟಾರಿಕ್ಸ್‌ನಲ್ಲಿ ಒರಟುತನ ಬೇಗ ಕಳಚಿತು. ಗೇನ್ ಏರಿಸಿದಾಗ ಮೇಲಿನ ಸ್ವರಗಳಲ್ಲಿ ಒಂದು ತೆಳು ಜುಯ್ ಸದ್ದು ಕೂಡ ಸೇರಿಕೊಂಡಿತು.

ಮೊದಲ ದಿನ ಮಾತ್ರ ನ್ಯಾಮ್ ಸದ್ದು ಕಿವಿಗೆ ಚುಚ್ಚುತ್ತಿತ್ತು. ಇಂಟರ್‌ಫೇಸ್ ಗೇನ್ ಜಾಸ್ತಿ ಇಟ್ಟಿದ್ದೆ. ಅದನ್ನು ಇಳಿಸಿದ ಮೇಲೆ ಸರಿಹೋಯಿತು. ಒಳಗೆ ಹೋಗುವ ಸಿಗ್ನಲ್‌ನ ಮಟ್ಟ ಸರಿಯಿಲ್ಲದೆ ನ್ಯಾಮ್ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ನನ್ನ ಆಯ್ಕೆ ನ್ಯಾಮ್. ಆದರೆ ಅದಕ್ಕೆ ಪ್ರೊಸೆಸರ್ ಬಲ ಬೇಕು. ಲ್ಯಾಪ್‌ಟಾಪ್ ಸದ್ದನ್ನು ಬಫರ್ ಎಂಬ ಚಿಕ್ಕ ತುಂಡುಗಳಲ್ಲಿ ಲೆಕ್ಕ ಹಾಕುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಸ್ಯಾಂಪಲ್) 128 ಸ್ಯಾಂಪಲ್ ಬಫರ್ ಅಂದರೆ 2.7 ಮಿಲಿಸೆಕೆಂಡ್. ಅಷ್ಟರೊಳಗೆ ಲೆಕ್ಕ ಮುಗಿಯದೆ ನನ್ನ ಹಳೆಯ ಲ್ಯಾಪ್‌ಟಾಪ್ ಟಕ್ ಟಕ್ ಅನ್ನುತ್ತಿತ್ತು. ಲೆಕ್ಕ ಕಡಿಮೆ ಬೇಡುವ, ಹಗುರವಾದ ಫೆದರ್ ಮಾದರಿಯ ಫೈಲ್ ಹಾಕಿದೆ, ಆ ಸದ್ದು ನಿಂತಿತು.