ಬೊಂಗ್ಜೊಂಗ್ಸಾ: ಎರಡು ಗುಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕಾದ ವಿಹಾರ

ದಕ್ಷಿಣ ಕೊರಿಯಾದ ಆಂದೊಂಗ್ ನಗರದ ಹೊರಗೆ, ಚೊಂದುಂಗ್ಸಾನ್ ಬೆಟ್ಟದ ಮಗ್ಗುಲಲ್ಲಿದೆ ಬೊಂಗ್ಜೊಂಗ್ಸಾ. 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಏಳು ಬೆಟ್ಟದ ವಿಹಾರಗಳಲ್ಲಿ ಇದೂ ಒಂದು. ಜಾಗ ಚಿಕ್ಕದು, ಸುಮ್ಮನೆ ಸುತ್ತು ಹಾಕಿದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಾಗೆ ಮುಗಿಸಿ ಬರಬೇಡಿ, ಕನಿಷ್ಠ ಎರಡು ತಾಸು ಕೊಡಿ.

ರಾಜಧಾನಿ ಸೋಲ್‌ನ ಚೊಂಗ್ನ್ಯಾಂಗ್ನಿ ನಿಲ್ದಾಣದಿಂದ ಆಂದೊಂಗ್‌ಗೆ ಕೆಟಿಎಕ್ಸ್-ಇಯುಮ್ ಎಂಬ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ಅಲ್ಲಿಂದ ಮುಂದೆ ಸಿಟಿ ಬಸ್ಸು, ಆದರೆ ಬಹಳ ಅಪರೂಪ. ಕೆಲಸ ಕೆಡುವುದು ಇಲ್ಲೇ: ಇಳಿದ ಕೂಡಲೇ ವಾಪಸು ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳದಿದ್ದರೆ ಟ್ಯಾಕ್ಸಿಯೇ ಗತಿ. ನಕ್ಷೆಗೆ ನೇವರ್ ಮ್ಯಾಪ್ ಇರಲಿ, ಕೊರಿಯಾದಲ್ಲಿ ಗೂಗಲ್ ಮ್ಯಾಪ್ ನಡಿಗೆಯ ದಾರಿಯನ್ನು ಸರಿಯಾಗಿ ತೋರಿಸುವುದಿಲ್ಲ. ಆಂದೊಂಗ್ ಸೀಮೆಯ ಇನ್ನೊಂದು ಹೆಸರಾದ ತಾಣ ಹಾಹ್ವೆ ಹಳ್ಳಿಯನ್ನೂ ಅದೇ ದಿನ ಬಸ್ಸಿನಲ್ಲೇ ನೋಡುವ ಯೋಚನೆ ಬಿಡಿ. ಎರಡೂ ಬೇರೆ ಬೇರೆ ದಿಕ್ಕಿನಲ್ಲಿವೆ, ಕೊನೆಗೆ ಎರಡೂ ಅರೆಬರೆಯಾಗುತ್ತವೆ.

ಪ್ರವೇಶ ಶುಲ್ಕವಿಲ್ಲ. ಕೊರಿಯಾದ ದೊಡ್ಡ ಬೌದ್ಧ ಪಂಥವಾದ ಜೋಗ್ಯೆಯ ಇಂಥ ವಿಹಾರಗಳಲ್ಲಿ 2023ರ ಮೇ ತಿಂಗಳಲ್ಲಿ ಅದನ್ನು ತೆಗೆದುಹಾಕಿದರು. ಕೆಳಗಿನಿಂದ ಪೈನ್ ಮರಗಳ ನಡುವೆ ಏರುದಾರಿ, ಕೊನೆಗೆ ಒರಟು ಕಲ್ಲಿನ ಮೆಟ್ಟಿಲು. ಮಾನ್ಸೆರು ಎಂಬ ಮಂಟಪದ ಅಡಿಯಿಂದಲೇ ಒಳಗೆ ಹೋಗಬೇಕು. ತೊಲೆ ತಗ್ಗಿನಲ್ಲಿದೆ, ಎತ್ತರದವರು ತಲೆ ಬಗ್ಗಿಸಿಯೇ ನಡೆಯಲಿ.

ಮೇಲೆ ಬಂದರೆ ಎದುರಿಗೇ ಮುಖ್ಯ ಗುಡಿ ದೇಉಂಗ್‌ಜೊನ್. ಅದರ ಎಡಕ್ಕೆ, ಇನ್ನೊಂದು ಅಂಗಳದಲ್ಲಿ ಅಮಿತಾಭ ಬುದ್ಧನ ಗುಡಿ ಗುಂಗ್ನಾಕ್‌ಜೊನ್. ಇಷ್ಟು ದೂರ ಬರುವುದು ಈ ಜೋಡಿಗಾಗಿಯೇ. 1972ರಲ್ಲಿ ಗುಂಗ್ನಾಕ್‌ಜೊನ್ ಬಿಚ್ಚಿ ದುರಸ್ತಿ ಮಾಡುವಾಗ, 1363ರಲ್ಲಿ ಚಾವಣಿ ರಿಪೇರಿಯಾದ ಬರಹ ಸಿಕ್ಕಿತು. ರಿಪೇರಿಯೇ ಅಷ್ಟು ಹಿಂದಿನದಾದರೆ ಕಟ್ಟಿದ್ದು ಇನ್ನೂ ಹಿಂದೆ, ಗೊರ್ಯೊ ರಾಜವಂಶದ (918–1392) ಕಾಲದಲ್ಲಿ. ಹಾಗಾಗಿ ಕೊರಿಯಾದಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲೇ ಇದನ್ನು ಅತ್ಯಂತ ಹಳೆಯದೆಂದು ಎಣಿಸುತ್ತಾರೆ.

ಮೊದಲು ಇದರ ಸೂರಿನ ಕೆಳಗೆ ನಿಂತು ಮೇಲೆ ನೋಡಿ. ಚಾವಣಿಯ ಭಾರ ಹೊರುವ ಮರದ ಬೋದಿಗೆಗಳು ಕಂಬದ ತಲೆಯ ಮೇಲೆ ಮಾತ್ರ ಇವೆ, ನಡುವಿನ ಜಾಗ ಬಹುಪಾಲು ಖಾಲಿ. ಕಂಬಗಳ ಹೊಟ್ಟೆ ತುಸು ಉಬ್ಬಿದೆ, ಚಾವಣಿ ಎರಡೇ ಇಳಿಜಾರಿನದು. ಪಕ್ಕದ ಗೋಡೆಯ ಕಡೆ ಬಂದರೆ ತೊಲೆ, ಕಂಬಗಳ ಜೋಡಣೆ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಈಗ ಗೊರ್ಯೊ ನಂತರ ಬಂದ ಜೊಸೊನ್ ರಾಜವಂಶದ ಕಾಲದ ಮೊದಲ ಭಾಗದ ದೇಉಂಗ್‌ಜೊನ್‌ಗೆ ಬನ್ನಿ. ಕಂಬಗಳ ನಡುವೆಯೂ ಬೋದಿಗೆಗಳ ಸಾಲು ಸಾಲು, ಚಾವಣಿಯ ಭಾರ ಗೋಡೆಯ ಉದ್ದಕ್ಕೂ ಹಂಚಿಹೋಗುತ್ತದೆ, ಮೂಲೆಗಳು ಮೇಲಕ್ಕೆ ಬಾಗಿವೆ. ಮುಂದೆ ಮರದ ಜಗಲಿಯಿದೆ, ಕೊರಿಯಾದ ಬುದ್ಧ ಗುಡಿಗಳಲ್ಲಿ ಇದು ಕಾಣಸಿಗುವುದೇ ಅಪರೂಪ. ಕೊರಿಯನ್ ಮರಗೆಲಸ ಶತಮಾನಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂತು ಎಂಬುದನ್ನು ಕೆಲವೇ ಹೆಜ್ಜೆಗಳಲ್ಲಿ ಹೀಗೆ ತೋರಿಸುವ ಜಾಗ ಬೇರೆ ಸಿಗುವುದು ಕಷ್ಟ.

ಬಹಳ ಮಂದಿ ಇಲ್ಲಿಂದಲೇ ತಿರುಗಿಬಿಡುತ್ತಾರೆ. ಅದು ದೊಡ್ಡ ನಷ್ಟ. ಪೂರ್ವದ ಮೆಟ್ಟಿಲು ಹತ್ತಿದರೆ ಯೊಂಗ್ಸಾನಾಮ್ ಎಂಬ ಆಶ್ರಮ. ತೊಟ್ಟಿಮನೆಯ ಹಾಗೆ ನಡುವೆ ಅಂಗಳ, ಸುತ್ತ ಮರದ ಕಟ್ಟಡಗಳು. ಅಂಗಳವನ್ನು ಸಮತಟ್ಟು ಮಾಡದೆ ಬೆಟ್ಟದ ಇಳಿಜಾರಿಗೆ ತಕ್ಕಂತೆ ಹಂತಹಂತವಾಗಿ ಬಿಟ್ಟಿದ್ದಾರೆ. ಇಲ್ಲಿ ದನಿ ತಗ್ಗಿಸಿ, ಮುಚ್ಚಿದ ಬಾಗಿಲುಗಳನ್ನು ತಳ್ಳಬೇಡಿ.

ಗುಡಿಯೊಳಗೆ ಹೋಗುವಾಗ ನಡುಬಾಗಿಲು ಭಿಕ್ಷುಗಳದ್ದು, ಪಕ್ಕದ ಬಾಗಿಲಿದ್ದಲ್ಲಿ ಅದರಿಂದಲೇ ಹೋಗಬೇಕು. ಹೊಸ್ತಿಲು ತುಳಿಯಬಾರದು, ದಾಟಬೇಕು. ಚಪ್ಪಲಿಯನ್ನು ಮೂತಿ ಹೊರಗೆ ಮಾಡಿ ಬಿಡುವುದು ರೂಢಿ. ಕೈ ಜೋಡಿಸಿ ಬಾಗಿದರೆ ಸಾಕು. ಪೂರ್ತಿ ನಮಸ್ಕಾರ ಮಾಡುವವರು ಮೂರು ಬಾರಿ ಮಾಡುತ್ತಾರೆ. ಪ್ರಾರ್ಥನೆ ನಡೆಯುವಾಗ ಕ್ಯಾಮೆರಾ ಬೇಡ.

ಸಸ್ಯಾಹಾರಿಗಳು ಊಟದ ವಿಷಯದಲ್ಲಿ ಎಚ್ಚರವಾಗಿರಬೇಕು. ಹೊರಗಿನ ಹೋಟೆಲಿನಲ್ಲಿ ಸೊಪ್ಪಿನ ಬಿಬಿಂಬಾಪ್ (ತರಕಾರಿ ಕಲಸಿ ತಿನ್ನುವ ಅನ್ನ) ಕೇಳಿದರೂ ಮೇಲೆ ಮೊಟ್ಟೆ ಬರಬಹುದು, ಜೊತೆಗೆ ಕೊಡುವ ಸಾರಿನಲ್ಲಿ ಒಣಮೀನಿನ ರಸ ಇರುವುದು ಸಾಮಾನ್ಯ, ಕಿಮ್ಚಿಯಲ್ಲೂ (ಹುದುಗು ಬರಿಸಿದ ತರಕಾರಿ) ಸಾಮಾನ್ಯವಾಗಿ ಮೀನಿನ ಉಪ್ಪುರಸ ಇರುತ್ತದೆ. ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ.

ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ ಎಲೆಗಳ ಬಣ್ಣ ಚೆಂದ, ಜನವೂ ಹೆಚ್ಚು. ಬೆಳಿಗ್ಗೆ ಬೇಗ ಹೋಗಿ. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗುತ್ತದೆ, ಹಿಡಿತವಿರುವ ಶೂ ಇಲ್ಲದಿದ್ದರೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.